ದೆಹಲಿಗೊಂದು ಜೊತೆ

ದೆಹಲಿಯಲ್ಲಿ ನೋಡಬೇಕಾದ ಸ್ಥಳಗಳು ಯಾವುವು ಎಂದು ಯಾರಾದರೂ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೆಂಪು ಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ರಾಷ್ಟ್ರಪತಿ ಭವನ, ರಾಜಘಾಟ್, ಜಂತರ್ ಮಂತರ್. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಹಿಂದಿ ಪಾಠ ಹೇಳುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ವರ್ಷ ವರ್ಷವೂ ಮಕ್ಕಳಿಂದ ‘ನಮ್ಮ ರಾಜಧಾನಿ’ ಎಂಬ ಪ್ರಬಂಧ ಬರೆಸುತ್ತಿದ್ದೆ. ಅವು ಕುತುಬ್ ಮಿನಾರನ್ನು ಹೊತ್ತು ಆಗ್ರಾದಲ್ಲಿ ಇಳಿಸುತ್ತಿದ್ದವು, ತಾಜ್ ಮಹಲನ್ನು ದೆಹಲಿಗೆ ತರುತ್ತಿದ್ದವು. ನಾನು ಕೆಂಪು ಪೆನ್ನು ಹಿಡಿದು ಎಲ್ಲವನ್ನೂ ವಾಪಸು ಅದರದರ ಜಾಗದಲ್ಲಿ ಕೂರಿಸುತ್ತಿದ್ದೆ. ಚೆನ್ನಾಗಿ ಬರೆದವರಿಗೆ ‘ಚೆನ್ನಾಗಿದೆ’ ಎಂದು ಬರೆದು, ಪಕ್ಕದಲ್ಲೇ ಒಂದು ‘ಆದರೆ’ ಸೇರಿಸಿ, ಇನ್ನೇನು ಬರೆಯಬೇಕಿತ್ತು ಎಂಬುದನ್ನೂ ತಿಳಿಸುತ್ತಿದ್ದೆ. ಮೇಷ್ಟ್ರಗಿರಿ ಎಂದರೆ ಆ ‘ಆದರೆ’ಯೇ ಎಂದು ನಂಬಿದ್ದೆ. ಇಷ್ಟೆಲ್ಲ ತಿದ್ದಿದವಳು ದೆಹಲಿಯನ್ನು ಮಾತ್ರ ನೋಡಿರಲಿಲ್ಲ.

ಆಸೆ ಹತ್ತಿಸಿದ್ದು ಪಠ್ಯಪುಸ್ತಕವಲ್ಲ, ಅಪ್ಪ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕಡೆ ಕೆಲಸದಲ್ಲಿದ್ದರು. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ದೆಹಲಿಯಲ್ಲಿ ಕುತುಬ್ ಮಿನಾರಿನ ಪಕ್ಕ ಒಂದು ಕಬ್ಬಿಣದ ಕಂಬವಿದೆ, ಎಷ್ಟೋ ಶತಮಾನದಿಂದ ಮಳೆ ಬಿಸಿಲಿಗೆ ನಿಂತಿದ್ದರೂ ಅದಕ್ಕೆ ತುಕ್ಕು ಹಿಡಿದಿಲ್ಲ ಎಂದು ಅವರಿಗೆ ಯಾರೋ ನೋಡಿಬಂದವರು ಹೇಳಿದ್ದರು. ಅಪ್ಪನಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಮಳೆಗಾಲ ಕಳೆದು ಮನೆಯ ಗೇಟು ಕೆಂಪಾದಾಗಲೆಲ್ಲ, “ಕಬ್ಬಿಣದ ಊರಲ್ಲಿ ಇದ್ಕೊಂಡು ನಮ್ಗೊಂದು ಗೇಟು ನೆಟ್ಟಗೆ ಮಾಡ್ಕೊಳಕ್ಕಾಗ್ಲಿಲ್ಲ ನೋಡು. ಅವ್ರು ಅದ್ಹೆಂಗೆ ಮಾಡಿದ್ರೋ,” ಎನ್ನುತ್ತಿದ್ದರು. ಆ ಕಂಬಕ್ಕೆ ಬೆನ್ನು ಒರಗಿಸಿ, ಕೈಗಳನ್ನು ಹಿಂದಕ್ಕೆ ಬಳಸಿ, ಬೆರಳಿಗೆ ಬೆರಳು ಮುಟ್ಟಿಸಿದರೆ ಅಂದುಕೊಂಡದ್ದು ಆಗುತ್ತದಂತೆ. ನಾನು ಮನೆ ಮುಂದಿನ ಲೈಟು ಕಂಬಕ್ಕೆ ಹಾಗೆ ನಿಂತು ಸಲೀಸಾಗಿ ಮುಟ್ಟಿಸಿ ತೋರಿಸಿದರೆ ಅಪ್ಪ ನಗುತ್ತಿದ್ದರು. “ಅದು ಇಷ್ಟು ತೆಳ್ಳಗಿಲ್ಲ ಮಾರಾಯ್ತಿ. ಅಲ್ಲಿ ಒಬ್ರ ಕೈ ಸಾಲಲ್ಲ. ಜೊತೇಲಿ ಇರೋರು ಆ ಕಡೆಯಿಂದ ಕೈ ಕೊಡ್ಬೇಕು.” ಅಪ್ಪ ಆ ಕಂಬ ನೋಡದೆಯೇ ಹೋದರು.

ನಾನು ಮದುವೆಯಾಗಲಿಲ್ಲ. ಆಗಲಿಲ್ಲ ಎನ್ನುವುದಕ್ಕಿಂತ, ಕೂಡಿಬರಲಿಲ್ಲ. ನಿವೃತ್ತಿಯಾದ ಮೇಲೆ ರವೀಂದ್ರನಗರದ ಒಂದು ಮಹಡಿ ಮನೆಯಲ್ಲಿ ಒಬ್ಬಳೇ ಇದ್ದೇನೆ. ಒಂಟಿತನ ಒಂಟಿತನ ಎಂದು ಜನ ದೊಡ್ಡದಾಗಿ ಬರೆಯುತ್ತಾರೆ. ನನಗೆ ಅದು ಗೊತ್ತಾಗುವುದು ಚಿಕ್ಕ ಚಿಕ್ಕ ಕಡೆ. ಸಂಜೆ ಮಾರ್ಕೆಟ್ಟಿನಿಂದ ಬಂದು ‘ಅಬ್ಬಾ, ಏನು ಜನ’ ಎಂದು ಹೇಳಬೇಕು ಅನಿಸುತ್ತದೆ, ಹೇಳಲು ಯಾರೂ ಇರುವುದಿಲ್ಲ. ಅಷ್ಟೇ. ಆದರೆ ದಿನಾ ಅಷ್ಟೇ.

ಒಂದು ದಿನ ಬಿ.ಎಚ್. ರಸ್ತೆಯಲ್ಲಿ ಹೋಗುತ್ತಿದ್ದಾಗ ಪ್ರವಾಸದ ಆಫೀಸೊಂದರ ಮುಂದೆ ದೆಹಲಿಯ ಬ್ಯಾನರು ಕಂಡಿತು. ಒಳಗೆ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಕುತುಬ್ ಮಿನಾರನ್ನು ಆಗ್ರಾಕ್ಕೆ ಸಾಗಿಸಿದವರಲ್ಲಿ ಅವನೂ ಒಬ್ಬ. ಈಗ ವರ್ಷಕ್ಕೆ ಎಷ್ಟೋ ಸಲ ಜನರನ್ನು ದೆಹಲಿಗೆ ಕರೆದುಕೊಂಡು ಹೋಗಿ ಬರುತ್ತಾನೆ. ಎದ್ದು ನಿಂತು ಕುರ್ಚಿ ಕೊಟ್ಟ.

“ನಮ್ ಸೋಗಾನೆ ಏರ್‌ಪೋರ್ಟಿಂದಾನೇ ವಿಮಾನ ಮೇಡಂ. ಹೈದರಾಬಾದಲ್ಲಿ ಇಳಿದು ಇನ್ನೊಂದು ಹತ್ತಿದ್ರೆ ದೆಹಲಿ. ನಮ್ ಅಡುಗೆಯವ್ರು ಪಾತ್ರೆ ಪಗಡ ತಗೊಂಡು ರೈಲಲ್ಲಿ ಮುಂಚೇನೇ ಹೋಗಿರ್ತಾರೆ. ಅಲ್ಲೂ ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು. ನಿಮ್ ಜೊತೆ ಯಾರು ಬರ್ತಾರೆ?”

“ಯಾರೂ ಇಲ್ಲಪ್ಪ. ನಾನೊಬ್ಬಳೇ.”

ಅವನು ಪೆನ್ನು ಕೆಳಗಿಟ್ಟ. ಕೋಣೆಗಳೆಲ್ಲ ಇಬ್ಬರಿಗೊಂದರಂತೆ; ಬೇಕಾದರೆ ನನಗೊಂದು ಒಂಟಿ ಕೋಣೆ ಮಾಡಿಸಿಕೊಡುತ್ತೇನೆ ಎಂದ. ನನಗೆ ಸಿಟ್ಟು ಬಂತು. ಒಂಟಿ ಕೋಣೆ ರವೀಂದ್ರನಗರದಲ್ಲೇ ಇದೆ, ಅದಕ್ಕೆ ದೆಹಲಿಯ ತನಕ ಹೋಗಬೇಕೆ? ನನಗೆ ಬೇಕಿದ್ದದ್ದು ಕೆಂಪು ಕೋಟೆ ಸುತ್ತಿಬಂದು ಕಾಲು ಚಾಚಿದಾಗ ಪಕ್ಕದ ಮಂಚದಲ್ಲಿ ಇನ್ನೊಬ್ಬರು ‘ಏನು ಬಿಸಿಲು’ ಎನ್ನುವುದು. ಇದನ್ನೆಲ್ಲ ವಿದ್ಯಾರ್ಥಿಯ ಮುಂದೆ ಹೇಳಲಾಗುತ್ತದೆಯೆ? “ಜೊತೆ ಇದ್ದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ,” ಎಂದೆ.

ಅವನು ಸ್ವಲ್ಪ ಯೋಚಿಸಿ, “ಭದ್ರಾವತೀಲಿ ಒಬ್ರು ಇದಾರೆ ಮೇಡಂ. ನಿಮ್ ಜನಾನೇ. ಗಂಡ ಇಲ್ಲ, ಅಣ್ಣನ ಮನೇಲಿದಾರೆ. ಅವ್ರ ಮನೇವ್ರೂ ಜೊತೆ ಹುಡುಕ್ತಿದಾರೆ. ಆದ್ರೆ ಒಂದ್ಸಲ ಹೋಗಿ ನೋಡ್ಬೇಕು,” ಎಂದ. ಅದು ಅವನ ಪ್ರವಾಸದ ಪದ್ಧತಿ. ಹಿಂದೊಮ್ಮೆ ಹರಿದ್ವಾರದಲ್ಲಿ ಒಂದೇ ಕೋಣೆಗೆ ಹಾಕಿದ ಇಬ್ಬರು ಹೆಂಗಸರು ಫ್ಯಾನಿನ ವಿಷಯಕ್ಕೆ ಜಗಳವಾಡಿ, ಒಬ್ಬರು ಮುನಿಸಿಕೊಂಡು ಬಸ್ಸಿನಲ್ಲೇ ಮಲಗಿದರಂತೆ. ಅಂದಿನಿಂದ ಒಬ್ಬರನ್ನೊಬ್ಬರು ನೋಡುವ ಶಾಸ್ತ್ರ ಮಾಡಿಸದೆ ಅವನು ಯಾವ ಒಂಟಿ ಹೆಂಗಸರನ್ನೂ ಜೋಡಿ ಮಾಡುವುದಿಲ್ಲ. ಮನೆಯಲ್ಲೇ ನೋಡಬೇಕು, ಮನೆಯವರ ಎದುರಲ್ಲೇ. ಎರಡೂ ಕಡೆ ಒಪ್ಪಿಗೆಯಾದರೆ ಮಾತ್ರ ಟಿಕೆಟ್ಟು.

ಭಾನುವಾರ ಹೊರಟೆ. ಯಾವ ಸೀರೆ ಉಡುವುದು ಎಂದು ಬೀರುವಿನ ಮುಂದೆ ಬಹಳ ಹೊತ್ತು ನಿಂತೆ. ಗಾಢ ಬಣ್ಣ ಬೇಡ, ತೀರಾ ಪೇಲವವೂ ಬೇಡ. ಕೊನೆಗೆ ಬೂದು ಬಣ್ಣದ್ದು ಉಟ್ಟು, ಕನ್ನಡಿ ನೋಡಿಕೊಂಡು ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಂಡೆ. ಈ ವಯಸ್ಸಿನಲ್ಲಿ ಇದೇನು ಅವತಾರ ಎಂದು ನನ್ನನ್ನು ನಾನೇ ಬೈದುಕೊಂಡೆ.

ನನ್ನನ್ನು ಹಿಂದೆ ಬಹಳ ಜನ ನೋಡಿಹೋಗಿದ್ದರು. ಕ್ವಾರ್ಟರ್ಸಿನ ಸಣ್ಣ ಹಾಲಿನಲ್ಲಿ ಚಾಪೆ ಹಾಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ನಾನು ಕಾಫಿ ತಂದಿಟ್ಟು ತಲೆ ತಗ್ಗಿಸಿ ಕೂರುವುದು. ಅವರು ತಿಂದು, ಕೈತೊಳೆದು, ಅಪ್ಪನಿಗೆ ನಮಸ್ಕಾರ ಹೇಳಿ, “ತಿಳಿಸ್ತೀವಿ,” ಎಂದು ಹೊರಡುವುದು. ಅಪ್ಪ ಆ ತುಕ್ಕು ಗೇಟಿನ ತನಕ ಹೋಗಿ ಕಳಿಸಿ ಬರುವುದು. ಉಳಿದ ಕೇಸರಿಬಾತನ್ನು ಅಮ್ಮ ಪಕ್ಕದ ಮನೆಯ ತಮಿಳರ ಹೆಂಗಸಿಗೆ ಕೊಡುತ್ತಿದ್ದಳು. ತಟ್ಟೆ ಕಂಡ ಕೂಡಲೇ ಆಕೆಗೆ ಎಲ್ಲ ಗೊತ್ತಾಗುತ್ತಿತ್ತು. ಏನನ್ನೂ ಕೇಳದೆ ತೆಗೆದುಕೊಳ್ಳುತ್ತಿದ್ದಳು. ತಿಳಿಸುತ್ತೇವೆ ಎಂದವರು ಯಾರೂ ತಿಳಿಸಲಿಲ್ಲ. ಆ ಮಾತಿಗೆ ಏನರ್ಥ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭದ್ರಾವತಿಯಲ್ಲಿ ಬಸ್ಸಿಳಿದು ಸೇತುವೆ ದಾಟಿ ಹಳೇನಗರದ ಆ ಮನೆ ಹುಡುಕಿದೆ. ಬಾಗಿಲು ತೆರೆದವರು ಮನೆಯ ಯಜಮಾನಿ, ಅಂದರೆ ನಾನು ನೋಡಲು ಬಂದವರ ಅತ್ತಿಗೆ. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಟ್ಟೆ ಬಂತು. ಒಂದು ಕಡೆ ಉಪ್ಪಿಟ್ಟು, ಒಂದು ಕಡೆ ಕೇಸರಿಬಾತು, ಮೇಲೊಂದು ಗೋಡಂಬಿ. ನನಗೆ ನಗು ಬಂತು, ತಡೆದುಕೊಂಡು ನೀರು ಕುಡಿದೆ.

ಆಮೇಲೆ ಅವರು ಬಂದರು. ನನಗಿಂತ ಸ್ವಲ್ಪ ಚಿಕ್ಕವರು. ತೆಳು ಮೈ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಆ ಬೆರಳುಗಳು ನನಗೆ ಗೊತ್ತು. ನನ್ನವೂ ಹಾಗೆಯೇ ಆಡುತ್ತಿದ್ದವು.

ಅತ್ತಿಗೆ ಕೇಳಿದರು, ಗೊರಕೆ ಗಿರಕೆ ಇಲ್ಲವಲ್ಲ, ಶುಗರ್ ಬಿಪಿ ಇಲ್ಲವಲ್ಲ ಎಂದು. ಇಲ್ಲ ಎಂದೆ. ನನ್ನ ಕಡೆಯದನ್ನೂ ಹೇಳಬೇಕಲ್ಲ, ಹೇಳಿದೆ. ಬೆಳಗ್ಗೆ ಐದಕ್ಕೆ ಏಳುತ್ತೇನೆ, ಎದ್ದ ಕೂಡಲೇ ದೀಪ ಹಾಕುತ್ತೇನೆ. ಕಿಟಕಿ ತೆರೆದಿರಬೇಕು. ಒದ್ದೆ ಬಟ್ಟೆ ಕುರ್ಚಿಯ ಮೇಲೆ ಹರಡಿದರೆ ಆಗುವುದಿಲ್ಲ. ಯಾವ ಸ್ಥಳಕ್ಕೆ ಹೋಗುವ ಮುಂಚೆಯೂ ಅದರ ಬಗ್ಗೆ ಸ್ವಲ್ಪ ಓದಿಕೊಂಡಿದ್ದರೆ ಒಳ್ಳೆಯದು, ಇಲ್ಲದಿದ್ದರೆ ನೋಡಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಬೇಕಾದರೆ ನಾನೇ ಹೇಳಿಕೊಡುತ್ತೇನೆ. ಅತ್ತಿಗೆ, “ದೆಹಲೀಲಿ ತಾಜ್ ಮಹಲ್ ನೋಡ್ಬೇಕು ಬಿಡಿ,” ಎಂದಾಗ ಅದು ಆಗ್ರಾದಲ್ಲಿರುವುದು ಎಂದು ತಿದ್ದಿದೆ. ಉಪ್ಪಿಟ್ಟಿಗೆ ರವೆ ಇನ್ನೊಂದು ಚೂರು ಹುರಿಯಬಹುದಿತ್ತು ಎಂದೂ ಹೇಳಿದೆನೇನೋ. ಕೇಳಿದ್ದಕ್ಕೆ ಹೇಳಿದ್ದು.

ಅವರು ಎಲ್ಲಕ್ಕೂ ಹೂಂ ಎನ್ನುತ್ತಿದ್ದರು. ಕಬ್ಬಿಣದ ಕಂಬದ ಕಥೆ ಹೇಳಿದಾಗ ಮಾತ್ರ ಮುಖ ಎತ್ತಿದರು. ಅಪ್ಪನ ಗೇಟು, ಲೈಟು ಕಂಬ, ಒಬ್ಬರ ಕೈ ಸಾಲದೆ ಇರುವುದು, ಎಲ್ಲ ಹೇಳಿದೆ. ಅವರ ಗಂಡನೂ ಅದೇ ಕಾರ್ಖಾನೆಯಲ್ಲಿದ್ದರಂತೆ. “ನಿಜವಾಗ್ಲೂ ತುಕ್ಕು ಹಿಡ್ದಿಲ್ವಾ ಅಕ್ಕ?” ಎಂದು ಕೇಳಿದರು. ಇಬ್ಬರೂ ಹೋಗಿ ನೋಡೋಣ ಎಂದೆ. ಆ ‘ಇಬ್ಬರೂ’ ನನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

“ನೀವಿಬ್ರೂ ಹಿತ್ತಲ ಕಡೆ ಮಾತಾಡ್ಕೊಂಡಿರಿ, ನಾನು ಕಾಫಿ ಮಾಡ್ತೀನಿ,” ಎಂದರು ಅತ್ತಿಗೆ. ಹುಡುಗ ಹುಡುಗಿಯನ್ನು ಬಿಡುವ ಹಾಗೆಯೇ.

ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಒಂದು ಬಟ್ಟೆ ಒಗೆಯುವ ಕಲ್ಲು. ಅವರು ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು. “ಅಕ್ಕ, ತಪ್ಪು ತಿಳ್ಕೋಬೇಡಿ. ನಂಗೆ ಹೋಗಕ್ಕೆ ಮನಸಿಲ್ಲ. ನಾನು ಬರೋಷ್ಟ್ರಲ್ಲಿ ನನ್ ಕೋಣೆ ನಂಗೆ ಇರತ್ತೋ ಇಲ್ವೋ ಗೊತ್ತಿಲ್ಲ. ನಾನೇ ಬೇಡ ಅಂದ್ರೆ ಅತ್ತಿಗೆ ಬೇಜಾರ್ ಮಾಡ್ಕೋತಾರೆ. ನೀವೇ ಬೇಡ ಅಂದ್ಬಿಡಿ. ನಾನು ನಿಮ್ಗೆ ಒಪ್ಪಿಗೆ ಆಗ್ಲಿಲ್ಲ ಅಂತ ಹೇಳ್ಬಿಡಿ.”

ಅವರು ಬರದಿದ್ದರೆ ನನಗೂ ದೆಹಲಿ ಇಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಒಂದು ಕೋಣೆ ಉಳಿಸಿಕೊಳ್ಳಬೇಕು ಎಂದು ಹೆಂಗಸೊಬ್ಬಳು ಕೇಳುವಾಗ ಇಲ್ಲ ಎನ್ನುವುದು ಹೇಗೆ? ಆಗಲಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು.

ಕಾಫಿ ಕುಡಿದು ಎದ್ದೆ. ಅತ್ತಿಗೆ ಬಾಗಿಲ ತನಕ ಬಂದು, “ಮತ್ತೆ ಹೆಂಗೆ?” ಎಂದು ಕೇಳಿದರು. ಆ ಮುಖ ನೋಡಿದೆ. ಥೇಟು ನಮ್ಮಮ್ಮನ ಮುಖ.

“ತಿಳಿಸ್ತೀನಿ,” ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಜೀವಮಾನವಿಡೀ ಬೇರೆಯವರಿಂದ ಕೇಳಿದ್ದನ್ನು ನಾನೇ ಹೇಳಿ ಗೇಟು ದಾಟಿದೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತಿಗೆಯ ಬಗ್ಗೆ ಅಯ್ಯೋ ಅನಿಸಿತು, ದೆಹಲಿ ಹೋಯಿತಲ್ಲ ಎಂದು ದುಃಖವೂ ಆಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಒಂದು ಠೀವಿಯೂ ಬಂದಿತ್ತು. ಬೇಡ ಎನ್ನುವ ಅಧಿಕಾರ ಎಷ್ಟು ರುಚಿಯಾದದ್ದು ಎಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

ಮಾರನೆಯ ದಿನ ವಿದ್ಯಾರ್ಥಿಗೆ ಫೋನು ಮಾಡಿ ಹೊಂದಾಣಿಕೆಯಾಗುವುದಿಲ್ಲ ಎಂದೆ. “ಪಾಪ ಸಾಧು ಹೆಂಗಸು ಮೇಡಂ, ಏನ್ ಕೊರತೆ ಕಂಡ್ರಿ?” ಎಂದ. ಕೊರತೆ ಹೇಳಿ ಇನ್ನೊಬ್ಬರ ಮಾನ ಕಳೆಯಬಾರದು ಎಂದು ಗಂಭೀರವಾಗಿ ಹೇಳಿದೆ. ಬೇರೆ ಜೊತೆ ಸಿಗಲಿಲ್ಲ. ನಾನು ಉಳಿದೆ. ಆ ದಿನಗಳಲ್ಲೆಲ್ಲ ಒಂದು ದೊಡ್ಡ ತ್ಯಾಗ ಮಾಡಿದವಳ ಹಾಗೆ ಓಡಾಡಿಕೊಂಡಿದ್ದೆ. ಭದ್ರಾವತಿಯಲ್ಲಿ ಒಬ್ಬರು ಅವರ ಕೋಣೆಯಲ್ಲಿ ನೆಮ್ಮದಿಯಾಗಿ ಕೂತಿದ್ದಾರೆ, ಅದು ನನ್ನಿಂದ ಎಂದುಕೊಂಡರೆ ಸಂಜೆಗಳು ಸ್ವಲ್ಪ ಹಗುರಾಗುತ್ತಿದ್ದವು.

ಪ್ರವಾಸ ಹೊರಟ ಮಾರನೆಯ ದಿನ ಮನೆಯಲ್ಲಿ ಕೂರಲಾಗಲಿಲ್ಲ. ದೆಹಲಿ ಇಲ್ಲದಿದ್ದರೆ ತ್ಯಾವರೆಕೊಪ್ಪವಾದರೂ ಆಗಲಿ ಎಂದು ಸಿಂಹಧಾಮಕ್ಕೆ ಹೋದೆ. ಸಫಾರಿ ಬಸ್ಸಿನಲ್ಲಿ ಟಿಕೆಟ್ಟು ನೋಡುವವನು, “ಒಬ್ರೇನಾ ಅಮ್ಮ? ಜೊತೇವ್ರು ಹಿಂದೆ ಬರ್ತಿದಾರಾ?” ಎಂದು ಕೇಳಿದ. ಇಲ್ಲಪ್ಪ ಎಂದು ಕಿಟಕಿ ಪಕ್ಕ ಕೂತೆ.

ಗೇಟು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ನಿಂತಿತು. ಎಲ್ಲರೂ ಎದ್ದು ಬಲಗಡೆಗೆ ವಾಲಿದರು. ಹುಲಿಯೊಂದು ನೆರಳಲ್ಲಿ ಮಲಗಿತ್ತಂತೆ. ಅದೇ ಹೊತ್ತಿಗೆ ನನ್ನ ಫೋನು ಸದ್ದು ಮಾಡಿತು. ಪ್ರವಾಸದವರ ವಾಟ್ಸ್ಯಾಪ್ ಗುಂಪಿಗೆ ನನ್ನನ್ನು ಮೊದಲೇ ಸೇರಿಸಿದ್ದ ವಿದ್ಯಾರ್ಥಿ, ತೆಗೆಯಲು ಮರೆತಿದ್ದ. ಫೋಟೋ ತೆರೆದೆ. ಕೆಂಪು ಕೋಟೆಯ ಮುಂದೆ ಸಾಲಾಗಿ ನಿಂತ ನಮ್ಮ ಊರಿನ ಜನ. ಮುಂದಿನ ಸಾಲಿನ ಕೊನೆಯಲ್ಲಿ ಭದ್ರಾವತಿಯವರು. ಕಾಟನ್ ಸೀರೆ, ಅದರ ಮೇಲೆ ಸ್ವೆಟರು, ಇನ್ನೊಬ್ಬ ದಪ್ಪ ಹೆಂಗಸಿನ ತೋಳು ಹಿಡಿದುಕೊಂಡು ನಗುತ್ತಿದ್ದರು. ಒತ್ತಾಯಕ್ಕೆ ಬಂದವರ ನಗು ಅದಾಗಿರಲಿಲ್ಲ.

ನಾನು ಹುಲಿ ನೋಡಲಿಲ್ಲ. ಸಿಂಹವನ್ನೂ ನೋಡಲಿಲ್ಲ.

ಬಸ್ಸಿಳಿದು ಮರದ ಕೆಳಗೆ ನಿಂತು ವಿದ್ಯಾರ್ಥಿಗೆ ಫೋನು ಮಾಡಿದೆ. ಹಿಂದೆ ಹಾರ್ನುಗಳ ಗದ್ದಲ. ಪಾಪ ಆಕೆಯನ್ನು ಮನೆಯವರು ಬಲವಂತವಾಗಿ ಕಳಿಸಿದರೇ ಎಂದು ಕೇಳಿದೆ. “ಬಲವಂತ ಯಾಕೆ ಮೇಡಂ? ಅವ್ರೇ ಆಫೀಸಿಗೆ ಬಂದು ಬೇರೆ ಜೊತೆ ನೋಡಿ ಅಂದ್ರು,” ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಕ್ಲಾಸಿನ ದನಿ ತೆಗೆದು, ನಿಜ ಹೇಳು ಎಂದೆ. ಅವನು ಈಗಲೂ ಆ ದನಿಗೆ ಹೆದರುತ್ತಾನೆ.

“ನೀವು ಭದ್ರಾವತಿಗೆ ಹೋಗಿ ಬಂದ ಮೂರ್ನಾಕು ದಿನಕ್ಕೆ ಬಂದಿದ್ರು ಮೇಡಂ. ‘ಆ ಮೇಡಂ ತುಂಬ ಒಳ್ಳೇವ್ರು, ಆದ್ರೆ ಅವ್ರ ಜೊತೆ ಇದ್ರೆ ದಿನಾ ಪರೀಕ್ಷೆಗೆ ಕೂತಂಗೆ ಆಗತ್ತೆ’ ಅಂದ್ರು. ಕೋಣೆ ಗೀಣೆ ಏನೋ ಹೇಳಿ ನಿಮ್ ಕೈಲೇ ಬೇಡ ಅನ್ಸಿದಾರಂತೆ. ಬೇಜಾರಾಗ್ಬಾರ್ದು ಅಂತ. ನಿಮ್ಗೆ ಹೇಳ್ಬೇಡಿ ಅಂತ ಹೇಳಿದ್ರು.” ನನ್ನ ಸಮಾಧಾನಕ್ಕೇನೋ ಎಂಬಂತೆ ಸೇರಿಸಿದ. “ಈಗ ಜೊತೇಲಿರೋರು ರಿಟೈರ್ಡ್ ನರ್ಸ್ ಮೇಡಂ. ಗೊರಕೆ ಹೊಡೀತಾರೆ. ಪರವಾಗಿಲ್ಲ ಅಂದ್ರು.”

ಫೋನು ಇಟ್ಟೆ. ಮೊದಲು ಬಂದದ್ದು ಕೆಂಡದಂಥ ಸಿಟ್ಟು. ನನ್ನ ತ್ಯಾಗ, ನನ್ನ ಠೀವಿ, ಇಷ್ಟು ದಿನದ ಹಗುರಾದ ಸಂಜೆಗಳು, ಎಲ್ಲ ಸುಳ್ಳಾದವು. ಗೊರಕೆಗಿಂತ ನಾನು ಕಡೆಯಾದೆನೆ? ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಪಕ್ಕದಲ್ಲಿ ಸೌತೆಕಾಯಿ ಮಾರುವ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಅವಳಿಂದ ಒಂದು ಸೌತೆಕಾಯಿ ಕೊಂಡು ತಿಂದೆ. ತಿನ್ನುತ್ತಾ ಇನ್ನೊಂದು ಯೋಚನೆ ಬಂತು. ನನ್ನನ್ನು ನೋಡಿ ಬೇಡ ಎಂದವರು ಎಷ್ಟೋ ಜನ. ತಟ್ಟೆ ಖಾಲಿ ಮಾಡಿ ತಿಳಿಸುತ್ತೇವೆ ಎಂದು ಹೋದವರು. ಅವರಲ್ಲಿ ಒಬ್ಬರಾದರೂ, ಈ ಹುಡುಗಿಗೆ ನೋವಾಗಬಾರದು, ಬೇಡ ಎನ್ನುವ ಮಾತು ಅವಳದ್ದೇ ಆಗಲಿ ಎಂದು ಯೋಚಿಸಿದ್ದರೆ? ಇಷ್ಟು ಮರ್ಯಾದೆಯಾಗಿ ನನ್ನನ್ನು ನಿರಾಕರಿಸಿದವರು ಅವರೊಬ್ಬರೇ. ಅಂಥವರು ಪಕ್ಕದ ಮಂಚದಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆಗಲೇ ನಿಜವಾಗಿ ಅನಿಸಿದ್ದು. ಅದು ಸಿಟ್ಟಿಗಿಂತ ಜಾಸ್ತಿ ಸುಟ್ಟಿತು.

ಆಮೇಲಿನ ದಿನಗಳಲ್ಲಿ ಗುಂಪಿಗೆ ಫೋಟೋಗಳು ಬರುತ್ತಲೇ ಇದ್ದವು. ಇಂಡಿಯಾ ಗೇಟ್, ರಾಜಘಾಟ್, ಬಸ್ಸಿನ ಪಕ್ಕ ತಟ್ಟೆ ಹಿಡಿದು ಅನ್ನ ಸಾರು ತಿನ್ನುತ್ತಿರುವವರು. ಗುಂಪಿನಿಂದ ಹೊರಬರುವುದು ಹೇಗೆಂದು ನನಗೆ ಗೊತ್ತು. ಬರಲಿಲ್ಲ. ಪ್ರಬಂಧಗಳ ಕಟ್ಟನ್ನು ತಿದ್ದುವ ಹಾಗೆ ಒಂದೊಂದನ್ನೂ ತೆರೆದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಗುಂಪಿಗಲ್ಲದೆ ನನಗೊಬ್ಬಳಿಗೇ ಒಂದು ಫೋಟೋ ಬಂತು, ಗುರುತಿಲ್ಲದ ನಂಬರಿನಿಂದ. ಕಬ್ಬಿಣದ ಕಂಬ. ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ಕಂಬ ಸ್ವಲ್ಪ ಓರೆಯಾಗಿತ್ತು, ಕೆಳಗಡೆ ಒಂದು ಬೆರಳಿನ ನೆರಳು ಬಿದ್ದಿತ್ತು. ಜೊತೆಗೊಂದು ಧ್ವನಿ ಸಂದೇಶ.

“ಅಕ್ಕ, ನೀವು ಹೇಳಿದ್ ಕಂಬ. ಬಸ್ಸಿನವ್ರು ಹಾರನ್ ಹೊಡೀತಾನೇ ಇದ್ರು, ಆದ್ರೂ ಓಡ್ಹೋಗಿ ನೋಡ್ಕೊಂಡು ಬಂದೆ. ಈಗ ಸುತ್ತ ಬೇಲಿ ಹಾಕಿದಾರೆ, ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಇಬ್ರು ಬಂದಿದ್ರೂ ಆಗ್ತಿರ್ಲಿಲ್ಲ. ಆದ್ರೆ ತುಕ್ಕು ಹಿಡ್ದಿಲ್ಲ, ನೋಡಿ. ನಿಜಾನೇ.”

ಇಷ್ಟೇ. ಬೇರೆ ಯಾವ ಮಾತೂ ಇರಲಿಲ್ಲ. ನನಗೆ ವಿಷಯ ತಿಳಿದಿದೆ ಎಂದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ ಹೇಳಲಾರೆ. ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡೆ. ಕಂಬವನ್ನು ದೊಡ್ಡದು ಮಾಡಿ ನೋಡಿದೆ. ಅಪ್ಪನಿಗೆ ತೋರಿಸಬೇಕಿತ್ತು.

ಆಮೇಲೆ ಕನ್ನಡಕ ಹಾಕಿಕೊಂಡು ಉತ್ತರ ಬರೆದೆ. ‘ಚೆನ್ನಾಗಿದೆ. ಆದರೆ ಕಂಬ ಓರೆಯಾಗಿದೆ, ಪೂರ್ತಿ ಬರುವಂತೆ ಇನ್ನೂ ಸ್ವಲ್ಪ ಹಿಂದೆ ನಿಂತು ತೆಗೆಯಬೇಕಿತ್ತು.’ ಕಳಿಸುವ ಮುಂಚೆ ಒಮ್ಮೆ ಓದಿಕೊಂಡೆ. ಬೆರಳಿಟ್ಟು ಕೊನೆಯಿಂದ ಒಂದೊಂದೇ ಪದ ಅಳಿಸುತ್ತಾ ಬಂದೆ. ‘ಆದರೆ’ಯನ್ನೂ ಅಳಿಸಿದೆ. ಉಳಿದ ಒಂದು ಪದವನ್ನು ಕಳಿಸಿದೆ.